ಹಿತ್ತಲಿಗೆ ಹೋಗಿ ಮೊಳ ಹಾಕಿದಾಕೆ

ಕನ್ನಡಕದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಪೇಟೆಯವರು ಹೇಳುತ್ತಿದ್ದರು. ಅವಳ ತಮ್ಮ ಆ ಮಾತನ್ನು ತಿದ್ದುತ್ತಿದ್ದ. "ಮೂಗಿನ ತುದಿಯಲ್ಲಿ ಕನ್ನಡಕ ಇದೆಯಲ್ಲ, ಕೋಪಕ್ಕೆ ಅಲ್ಲಿ ಜಾಗ ಎಲ್ಲಿ? ಅದು ಅಂಗಡಿ ತುಂಬ ಇದೆ."

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದು ತಮ್ಮನದು. ಅಲ್ಲಿ ಗಾಜಿನ ಮೇಜು, ಗೋಡೆಗೆ ಕನ್ನಡಿ, ಸಾಲಾಗಿ ತೂಗುಹಾಕಿದ ಚೌಕಟ್ಟುಗಳು, ಬಂದವರಿಗೆ ನಗುಮುಖ. ಹಿಂದಿನದು ಅಕ್ಕನದು. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅದರಲ್ಲಿ ಸಾಣೆಯ ಚಕ್ರ, ಚಕ್ರದ ಮೇಲೆ ತೊಟ್ಟಿಕ್ಕುವ ನೀರಿನ ಡಬ್ಬಿ, ಬೆರಳ ಸಂದಿಯಲ್ಲೆಲ್ಲ ಗಾಜಿನ ಹಿಟ್ಟಿನ ಬಿಳಿ ಕೆಸರು. ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಅವಳನ್ನು ಆ ಮಣೆಯ ಮೇಲೆ ಕೂರಿಸಿದ್ದರು. ಮಗನಿಗೆ ಕಲಿಸಬೇಕೆಂದು ಅವರ ಆಸೆ. ಮಗನೋ ಒಂದು ಕಡೆ ಐದು ನಿಮಿಷ ಕೂರುವವನಲ್ಲ. ಮಗಳು ಕುಳಿತಳು. ನಲವತ್ತನಾಲ್ಕು ವರ್ಷ ಏಳಲಿಲ್ಲ.

ಅಪ್ಪ ಅವಳಿಗೆ ಬಿಟ್ಟುಹೋದದ್ದು ಒಂದು ಮಾತು, ಒಂದು ಗುರುತು. "ಮೊದಲು ಕಣ್ಣು, ಆಮೇಲೆ ಗಾಜು, ಕೊನೆಗೆ ಚೌಕಟ್ಟು" ಎಂಬುದು ಆ ಮಾತು. ಬರುವ ಗಿರಾಕಿಗಳೆಲ್ಲ ಇದನ್ನು ತಿರುವುಮುರುವು ಮಾಡಿಕೊಂಡೇ ಬರುತ್ತಿದ್ದರು. "ಪಕ್ಕದ ಮನೆಯವರ ಕನ್ನಡಕ ಹಾಕಿ ನೋಡಿದೆ, ಚೆನ್ನಾಗಿ ಕಾಣಿಸ್ತು, ಅಂಥದ್ದೇ ಕೊಡಿ" ಎಂದು ಯಾರಾದರೂ ಕೇಳಿದರೆ ಸಾಕು, ಹಿಂದಿನ ಕೋಣೆಯಿಂದ ಅಕ್ಕ ಎದ್ದು ಬರುತ್ತಿದ್ದಳು. "ಪಕ್ಕದ ಮನೆಯವರ ಹಲ್ಲುಸೆಟ್ಟು ಹಾಕ್ಕೊಂಡು ಊಟ ಮಾಡ್ತೀರಾ? ಕೂತ್ಕೊಳ್ಳಿ. ಗೋಡೆ ಮೇಲಿನ ಅಕ್ಷರ ಓದಿ. ಓದಿ ಅಂದ್ರೆ ಓದಬೇಕು, ಊಹಿಸೋದಲ್ಲ." ಗಿರಾಕಿ ಬೆವರುತ್ತ ಓದುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮುಂದಿನ ವರ್ಷ ಹೆಂಡತಿಯನ್ನೂ ಕರೆದುಕೊಂಡು ಅಲ್ಲಿಗೇ ಬರುತ್ತಿದ್ದ.

ಇನ್ನು ಗುರುತು. ತಮ್ಮ ಅಂಗಡಿಯಲ್ಲಿ ಸಾಣೆ ಹಿಡಿದ ಪ್ರತಿಯೊಂದು ಬಲಗಾಜಿನ ಅಂಚಿನಲ್ಲಿ, ಕಿವಿಯ ಕಡೆಗೆ, ಎಳ್ಳಿನ ಕಾಳಿಗಿಂತ ಚಿಕ್ಕದಾದ ಒಂದು ಗೀರನ್ನು ಅಪ್ಪ ಹಾಕುತ್ತಿದ್ದರು. ಹಾಕಿಕೊಂಡವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. "ತಪ್ಪಾದರೆ ನಮ್ಮದು ಅಂತ ನಮಗೆ ಗೊತ್ತಾಗಬೇಕಲ್ಲಮ್ಮ" ಎನ್ನುತ್ತಿದ್ದರು. ಅಕ್ಕನೂ ತಪ್ಪದೆ ಹಾಕುತ್ತಿದ್ದಳು.

ಮದುವೆಯ ಮಾತು ಒಮ್ಮೆ ಬಂದಿತ್ತು. ಹುಡುಗ ಒಳಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ "ನಿಮ್ಮ ಎಡಗಾಜು ಬಲಕ್ಕೆ, ಬಲಗಾಜು ಎಡಕ್ಕೆ ಕೂತಿದೆ. ಯಾರು ಮಾಡಿದ್ದು ಈ ದರಿದ್ರ ಕೆಲಸ?" ಎಂದಳು. ಅದನ್ನು ಮಾಡಿದ್ದು ಹುಡುಗನ ಸೋದರಮಾವ. ಮಾತು ಅಲ್ಲಿಗೇ ನಿಂತಿತು.

ಭಾನುವಾರ ಮಾತ್ರ ಅವಳು ಚಕ್ರಕ್ಕೆ ಬಟ್ಟೆ ಹೊದಿಸಿ ಚರ್ಚಿಗೆ ಹೋಗುತ್ತಿದ್ದಳು. ಆ ಚರ್ಚಿನ ಸಭಾಂಗಣದ ಗೋಡೆಯ ಮೇಲೆ, ಬಾಗಿಲಿಗೆ ಎದುರಾಗಿ, ಎರಡು ವರ್ಷದ ಹಿಂದೆ ಒಂದು ದೊಡ್ಡ ಚಿತ್ರ ಬಂದು ಕುಳಿತಿತು. ಹೊರದೇಶದ ಹಳ್ಳಿಗಳಿಗೆ ಸೇವಾಯಾತ್ರೆ ಹೋಗಿ ಬಂದವರು ತಂದದ್ದು. ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಮೂಗಿನ ಮೇಲೆ ದಾನದ ಕನ್ನಡಕ, ಮುಖ ತುಂಬ ನಗು. ಕೆಳಗೆ ದಪ್ಪಕ್ಷರದಲ್ಲಿ "ಈಗ ನನಗೆ ಕಾಣಿಸುತ್ತದೆ!" ಎಂದಿತ್ತು.

ಎಲ್ಲರೂ ಆ ನಗುವನ್ನು ನೋಡಿದರು. ಅಕ್ಕ ಗಾಜನ್ನು ನೋಡಿದಳು. ಗಾಜಿನ ಒಳಗೆ ಆ ಹೆಂಗಸಿನ ಕಣ್ಣು ಕಡಲೆಕಾಳಿನಷ್ಟು ಚಿಕ್ಕದಾಗಿತ್ತು. ಕೆನ್ನೆಯ ಗೆರೆ ಗಾಜಿನೊಳಗೆ ಮುರಿದು ಮೂಗಿನ ಕಡೆಗೆ ಸರಿದಿತ್ತು. ವಯಸ್ಸಾದವರು ಓದಲು ಹಾಕುವ ಗಾಜಿನಲ್ಲಿ ಕಣ್ಣು ಗೂಬೆಯ ಕಣ್ಣಿನಂತೆ ದೊಡ್ಡದಾಗಿ ಕಾಣಬೇಕು. ಇದು ಅದರ ತದ್ವಿರುದ್ಧ. ದೂರದ್ದು ಕಾಣಿಸದ ಹರೆಯದವರಿಗೆ ಕೊಡುವ ಮೈನಸ್ ಗಾಜು.

ಯಾತ್ರೆಯ ನಾಯಕರು ಮಂಚದ ಅಂಗಡಿಯ ಯಜಮಾನರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಕ್ಕನ ಕೆಲಸ ಸುಲಭವಾಗುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬಾಗಿಲು ತಟ್ಟುವವರು ಅವರು.

"ಯಜಮಾನ್ರೇ, ಈ ಹೆಂಗಸಿಗೆ ಯಾವ ಪವರ್ ಕೊಟ್ಟಿದ್ದೀರಿ?" ಎಂದು ಅಕ್ಕ ಕೇಳಿದಳು.

"ಪ್ರೀತಿಯ ಪವರ್ ಅಕ್ಕಾ!" ಎಂದರು ಅವರು. ಸುತ್ತಲಿದ್ದವರು ನಕ್ಕರು.

ಅಕ್ಕ ಬಾಯಿ ತೆರೆದಳು. ಆದರೆ ಪ್ರಾರ್ಥನೆಯ ಗಂಟೆ ಹೊಡೆಯಿತು, ಮುಚ್ಚಿದಳು. ಎರಡು ವರ್ಷ, ವಾರಕ್ಕೊಮ್ಮೆ, ಆ ಚಿತ್ರದ ಎದುರು ಹಾದುಹೋದಳು. ಪೇಟೆಯಲ್ಲೆಲ್ಲ ಸಿಡಿಯುತ್ತಿದ್ದ ಬಾಯಿ ಅಲ್ಲಿ ಮಾತ್ರ ಮುಚ್ಚಿಕೊಂಡೇ ಇತ್ತು. ದೇವರ ಮನೆಯಲ್ಲಿ ಜಗಳವೇಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಕೋಪ ಜಾಸ್ತಿಯಾಯಿತು.

ಮೂರನೆಯ ವರ್ಷ ಯಜಮಾನರು ವೇದಿಕೆ ಹತ್ತಿ "ಈ ಸಲ ಒಂಬತ್ತು ದಿನ, ಹದಿನಾಲ್ಕು ಹಳ್ಳಿ, ಎಂಟುನೂರು ಕನ್ನಡಕ" ಎಂದು ಘೋಷಿಸುತ್ತಿದ್ದಾಗ, ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತಳು.

"ನಾನೂ ಬರ್ತೀನಿ. ಕನ್ನಡಕ ಎಲ್ಲಾ ನನ್ನ ಕೈಗೆ ಕೊಡಿ."

ಮನೆಯಲ್ಲಿ ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಕ್ಕಾ, ಅಲ್ಲಿ ಹೇಳಬೇಕಾದ್ದು ಸುವಾರ್ತೆ. ನಿನ್ನ ಬೈಗುಳ ಅಲ್ಲ."

"ಕಾಣದವನಿಗೆ ಕಾಣೋ ಹಾಗೆ ಮಾಡೋದೇ ಸುವಾರ್ತೆ ಕಣೋ. ಕಾಣದ ಹಾಗೆ ಮಾಡಿ ಫೋಟೋ ಹಿಡಿಯೋದಕ್ಕೆ ಬೇರೆ ಹೆಸರಿದೆ. ಬಾಯಿ ಬಿಡಿಸಬೇಡ."

ಮೂರು ತಿಂಗಳು ಸಂಜೆ ಅಂಗಡಿಯ ಕೆಲಸ ಮುಗಿಸಿ ಎಂಟುನೂರು ಹಳೆಯ ಕನ್ನಡಕಗಳನ್ನು ಒಂದೊಂದಾಗಿ ಅಳೆಯುವ ಯಂತ್ರಕ್ಕೆ ಇಟ್ಟಳು. ಬಿರುಕು ಬಿಟ್ಟವನ್ನು ಎಸೆದಳು, ಸಡಿಲವಾದವಕ್ಕೆ ಸ್ಕ್ರೂ ಬಿಗಿದಳು. ಪ್ರತಿಯೊಂದರ ಕಡ್ಡಿಗೂ ದಾರದಿಂದ ಒಂದು ಚೀಟಿ ಕಟ್ಟಿ ಅದರ ಮೇಲೆ ಪವರ್ ಬರೆದಳು: 1.50, 2.00, 2.50. ಅಕ್ಷರ ಬಾರದವರಿಗೆಂದು ಮೇಲೆ, ಕೆಳಗೆ, ಆಚೆ, ಈಚೆ ಬಾಯಿ ತೆರೆದ ಬಾಚಣಿಗೆಗಳ ಒಂದು ಪಟವನ್ನೂ ಬರೆದಳು; ಹಲ್ಲು ಯಾವ ಕಡೆಗಿದೆ ಎಂದು ಅವರು ಬೆರಳಲ್ಲಿ ತೋರಿಸಿದರೆ ಸಾಕು. ಎಲ್ಲವನ್ನೂ ತಗಡಿನ ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿದಳು.

ಹೊರಡುವ ಮುನ್ನ ಯಜಮಾನರನ್ನು ಕೇಳಿದಳು. "ಆ ಚಿತ್ರದ ಹೆಂಗಸಿನ ಹಳ್ಳಿಗೆ ಯಾವತ್ತು?"

"ಆ ಹಳ್ಳಿ ಮುಗಿದಿದೆ ಅಕ್ಕ."

"ಹಳ್ಳಿ ಮುಗಿಯೋದು ಅಂದ್ರೆ?"

"ಅಂದ್ರೆ, ಆಗಿದೆ. ಪಟ್ಟಿಯಲ್ಲಿ ಗುರುತು ಹಾಕಿಯಾಗಿದೆ."

ಎರಡು ವಿಮಾನ, ಒಂದು ವ್ಯಾನು. ವ್ಯಾನಿನ ಓಟಕ್ಕೆ ಅಕ್ಕನ ಹೊಟ್ಟೆ ತೊಳಸಿ, ಅತಿಥಿಗೃಹ ಸೇರಿದ ದಿನ ಅವಳು ಮಂಚ ಬಿಟ್ಟೇಳಲಿಲ್ಲ. ಮರುದಿನ ಶುಕ್ರವಾರ. ಮೊದಲನೆಯ ಹಳ್ಳಿಯ ಶಾಲೆಯ ಅಂಗಳದಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಅಕ್ಕ ಗೋಡೆಗೆ ಬಾಚಣಿಗೆಯ ಪಟ ಅಂಟಿಸಿ, ಕೈ ತೊಳೆದು, ಪೆಟ್ಟಿಗೆಯ ಮುಚ್ಚಳ ತೆಗೆದಳು.

ಒಳಗೆ ಬಣ್ಣವೋ ಬಣ್ಣ. ಪ್ರತಿಯೊಂದು ಕನ್ನಡಕವನ್ನೂ ಹೊಳೆಯುವ ಕಾಗದದಲ್ಲಿ ಸುತ್ತಿ, ಗಂಡಸರಿಗೆ ನೀಲಿ, ಹೆಂಗಸರಿಗೆ ಗುಲಾಬಿ ರಿಬ್ಬನ್ನಿನ ಹೂ ಕಟ್ಟಿ, ಒಂದೊಂದು ಬೈಬಲ್ ವಚನದ ಚೀಟಿ ಸಿಕ್ಕಿಸಿತ್ತು. ಅವಳ ದಾರವೂ ಇಲ್ಲ, ಅವಳ ಚೀಟಿಯೂ ಇಲ್ಲ.

"ಹೇಗಿದೆ ಅಕ್ಕಾ?" ಎಂದು ಚರ್ಚಿನ ಗಾನವೃಂದದ ಮೇಡಂ ಹತ್ತಿರ ಬಂದಳು. ಮೂವತ್ತೈದರ, ತುಂಬ ಮೃದು ಮನಸ್ಸಿನ ಹೆಂಗಸು. ಕತ್ತರಿ ಹಿಡಿದು ಹಿಡಿದು ಅವಳ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿದ್ದವು. "ನೀವು ಮಲಗಿದ್ರಲ್ಲ, ಎಬ್ಬಿಸೋದು ಬೇಡ ಅಂತ ನಾವು ಐದು ಜನ ಇಡೀ ದಿನ ಕೂತು ಮಾಡಿದ್ವಿ."

"ಚೀಟಿ?"

"ಯಾವ ಚೀಟಿ?"

"ದಾರ ಕಟ್ಟಿದ್ದ ಚೀಟಿ! ನಂಬರ್ ಬರೆದಿದ್ದೆನಲ್ಲ!"

"ಓ, ಆ ಬೆಲೆಯ ಚೀಟಿನಾ? ಕತ್ತರಿಸಿಬಿಟ್ವಿ. ಉಡುಗೊರೆ ಮೇಲೆ ಬೆಲೆ ಬಿಡಬಾರದಲ್ಲ ಅಕ್ಕಾ. ತಗೊಳ್ಳೋರಿಗೆ ಸಂಕೋಚ ಆಗುತ್ತೆ. ಎಲ್ಲಾ ಗುಡಿಸಿ ಒಲೆಗೆ ಹಾಕಿದ್ವಿ."

ಮೂರು ತಿಂಗಳ ಸಂಜೆಗಳು ಒಲೆಯೊಳಗೆ. ಅಳೆಯುವ ಯಂತ್ರ ಸಮುದ್ರದಾಚೆಯ ಅಂಗಡಿಯಲ್ಲಿ. ಅಕ್ಕ ಒಂದು ಹೂವನ್ನು ಕಿತ್ತು ಮೇಡಮ್ಮನ ಮುಂದೆ ಹಿಡಿದಳು.

"ಔಷಧಿ ಅಂಗಡಿಗೆ ಹೋಗಿ ಸೀಸೆ ಮೇಲಿನ ಹೆಸರೆಲ್ಲಾ ಕಿತ್ತು ಹೂ ಅಂಟಿಸಿ ಬರ್ತೀರಾ ನೀವು?"

ಮೇಡಮ್ಮನ ಕಣ್ಣಲ್ಲಿ ನೀರು ತುಂಬಿತು. ಯಜಮಾನರು ನಡುವೆ ಬಂದರು. "ಆಯ್ತು ಅಕ್ಕ, ಆದದ್ದು ಆಯ್ತು. ಜನ ಬಿಸಿಲಲ್ಲಿ ನಿಂತಿದ್ದಾರೆ. ಒಬ್ಬೊಬ್ಬರು ಒಂದೊಂದು ತಗೊಳ್ಳಲಿ. ದೇವರು ಸರಿಯಾದ ಗಾಜನ್ನು ಸರಿಯಾದ ಮೂಗಿಗೆ ಸೇರಿಸ್ತಾನೆ."

"ದೇವರಿಗೆ ಬೇರೆ ಕೆಲಸ ಇದೆ. ಇದು ನನ್ನ ಕೆಲಸ!"

"ಪುಕ್ಕಟೆ ಕೊಡೋದಕ್ಕೆ ಇಷ್ಟೊಂದು ಅಳತೆ ಯಾಕಕ್ಕಾ? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ, ಹಾಗಾಯ್ತು."

ಅಷ್ಟರಲ್ಲಿ ಸಾಲಿನ ಮೊದಲಿಗೆ ನಿಂತಿದ್ದ ಮುದುಕನೊಬ್ಬನಿಗೆ ಯಾರೋ ನೀಲಿ ಹೂವಿನದೊಂದನ್ನು ಕೊಟ್ಟಾಗಿತ್ತು. ಅವನು ಬಿಚ್ಚಿ ಹಾಕಿಕೊಂಡ, ಎಲ್ಲರಿಗೂ ಕೈಮುಗಿದ, ತಿರುಗಿ ಜಗಲಿಯಿಂದ ಇಳಿಯಲು ಹೆಜ್ಜೆ ಇಟ್ಟ. ಮೆಟ್ಟಿಲು ಅವನು ಕಂಡ ಕಡೆ ಇರಲಿಲ್ಲ. ಮೊಣಕಾಲೂರಿ ಬಿದ್ದ. ಬಿದ್ದವನು ಎದ್ದು, ತನ್ನದೇ ತಪ್ಪೆಂಬಂತೆ ನಾಚಿ ನಕ್ಕ. ತಂಡದ ಯಾರೋ ಆ ನಗುವಿನ ಫೋಟೋ ಹಿಡಿದರು.

ಅಕ್ಕ ಹೋಗಿ ಅವನ ಮೂಗಿನಿಂದ ಕನ್ನಡಕ ಕಿತ್ತುಕೊಂಡು ಬಂದಳು. ಪೆಟ್ಟಿಗೆಯ ಮುಚ್ಚಳವನ್ನು ದಡಾರನೆ ಹಾಕಿ ಅದರ ಮೇಲೆ ಕುಳಿತಳು. "ಇನ್ನೊಂದು ಗಾಜು ಈ ಪೆಟ್ಟಿಗೆಯಿಂದ ಹೊರಗೆ ಬರಬೇಕಾದ್ರೆ ನನ್ನನ್ನು ಎತ್ತಿ ಹಾಕಿ ತಗೊಳ್ಳಿ."

ಅವಳನ್ನು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ನಕ್ಕವನೊಬ್ಬನೇ, ವ್ಯಾನಿನ ಡ್ರೈವರ್. ಆ ನಾಡಿನವನೇ, ಹತ್ತು ವರ್ಷ ಇವರ ದೇಶದಲ್ಲಿ ಬಸ್ಸು ಓಡಿಸಿ ಭಾಷೆಯನ್ನೂ ಬೈಗುಳವನ್ನೂ ಕಲಿತು ಊರಿಗೆ ಮರಳಿದ್ದ. ತಂಡಕ್ಕೆ ದುಬಾಷಿಯೂ ಅವನೇ. "ನಿಮ್ಮ ಕಡೆ ಕಂಡಕ್ಟರುಗಳು ಹೀಗೇ ಕೂರ್ತಿದ್ರು ಅಕ್ಕಾ, ಟಿಕೆಟ್ ತಗೊಳ್ಳೋವರೆಗೂ ಬಸ್ಸು ಹೊರಡಲ್ಲ ಅಂತ" ಎಂದ.

ಅಕ್ಕ ಅವನನ್ನು ಹತ್ತಿರ ಕರೆದಳು. "ಎರಡು ವರ್ಷದ ಹಿಂದೆ ಇವರು ಒಬ್ಬಳ ಫೋಟೋ ತೆಗೆದಿದ್ರು. ಮುಂದಿನ ಹಲ್ಲಿನ ಮಧ್ಯೆ ಸಂದು ಇದೆ. ಗೊತ್ತಾ?"

"ಔಷಧಿಯಮ್ಮ! ಗುಡ್ಡದಾಚೆಯ ಹಳ್ಳಿ. ಅಲ್ಲಿನ ಔಷಧಿ ಕೋಣೆ ನೋಡ್ಕೊಳ್ತಾಳೆ. ಸುತ್ತ ಐದು ಹಳ್ಳಿಗೆ ಅವಳೊಬ್ಬಳೇ. ಆದ್ರೆ ಬರೋ ಸೋಮವಾರ ಬೀಗದಕೈ ಒಪ್ಪಿಸಿಬಿಡ್ತಾಳಂತೆ. ಕಣ್ಣು ಹೋಯ್ತಂತೆ ಪಾಪ."

"ಅವಳಾದ ಮೇಲೆ?"

"ಬೇರೆಯವರು ಬರೋವರೆಗೆ ಬೀಗ. ಯಾರೂ ಬರಲ್ಲ ಅಕ್ಕಾ, ಈ ಮೂಲೆಗೆ ಯಾರು ಬರ್ತಾರೆ?"

"ವ್ಯಾನ್ ತೆಗಿ" ಎಂದಳು ಅಕ್ಕ.

ಯಜಮಾನರು ಬೇಡವೆಂದರು, ಮಧ್ಯಾಹ್ನದ ಹಳ್ಳಿಯಲ್ಲಿ ಜನ ಕಾಯುತ್ತಿದ್ದಾರೆಂದರು, ಪಟ್ಟಿ ತೆಗೆದು ತೋರಿಸಿದರು. ಇದ್ದದ್ದು ಒಂದೇ ವ್ಯಾನು, ಒಬ್ಬನೇ ಡ್ರೈವರ್. ಅವನು ಅಕ್ಕನ ಕಡೆ ಸೇರಿಯಾಗಿತ್ತು. ಇಬ್ಬರು ಹಳ್ಳಿಗರ ನೆರವಿನಿಂದ ಪೆಟ್ಟಿಗೆಯನ್ನು ಅವನು ವ್ಯಾನಿಗೇರಿಸಿದ. ಪೆಟ್ಟಿಗೆಯ ಹಿಂದೆ ಅಕ್ಕ ಹತ್ತಿದಳು. ಅಕ್ಕನ ಹಿಂದೆ, ಬೇರೆ ದಾರಿಯಿಲ್ಲದೆ, ಇಡೀ ಸೇವಾಯಾತ್ರೆ ಹತ್ತಿತು. ವ್ಯಾನು ಗುಡ್ಡ ಏರಿ ಇಳಿಯಿತು.

ಔಷಧಿ ಕೋಣೆ ಎಂದರೆ ಸುಣ್ಣ ಬಳಿದ ಒಂದೇ ಒಂದು ಕೋಣೆ. ಒಂದು ಬೆಂಚು, ಒಂದು ತೂಕದ ಯಂತ್ರ, ಗೋಡೆಯ ಹಲಗೆಗಳ ಮೇಲೆ ಸೀಸೆಗಳು, ಮೊಳೆಗೆ ತೂಗುಹಾಕಿದ ಮಕ್ಕಳ ಎತ್ತರ ಅಳೆಯುವ ಟೇಪು. ವ್ಯಾನಿನ ಸದ್ದಿಗೆ ಬಾಗಿಲಿಗೆ ಬಂದ ಹೆಂಗಸು ಬರಿಗಣ್ಣಿನಲ್ಲಿದ್ದಳು. ಬಂದವರು ಯಾರೆಂದು ತಿಳಿದೊಡನೆ ಒಳಗೆ ಓಡಿ, ಮೇಜಿನ ಖಾನೆ ತೆಗೆದು, ಬಿಳಿ ಬಟ್ಟೆಯ ಗಂಟು ಬಿಚ್ಚಿ, ಕನ್ನಡಕ ಹಾಕಿಕೊಂಡು ಬಂದು ನಕ್ಕಳು. ಗೋಡೆಯ ಮೇಲಿದ್ದ ಅದೇ ನಗು.

ಅಕ್ಕ ಹತ್ತಿರ ಹೋಗಿ ಆ ಕನ್ನಡಕವನ್ನು ಮೆಲ್ಲಗೆ ತೆಗೆದು ಬೆಳಕಿಗೆ ಹಿಡಿದಳು. ಊಹಿಸಿದಂತೆ ಮೈನಸ್. ಅಂಚನ್ನು ನೋಡಿದಳು. ಬಲಗಾಜು, ಕಿವಿಯ ಕಡೆ, ಎಳ್ಳಿಗಿಂತ ಚಿಕ್ಕದಾದ ಒಂದು ಗೀರು.

ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು.

ಮೈನಸ್ ಒಂದೂಮುಕ್ಕಾಲು. ಕಾಲೇಜು ಹುಡುಗಿಯೊಬ್ಬಳಿಗೆಂದು ಮಾಡಿದ್ದು; ಅವಳು ಊರು ಬಿಟ್ಟು ಹೋದವಳು ತೆಗೆದುಕೊಳ್ಳಲು ಬರಲೇ ಇಲ್ಲ. ಗಿರಾಕಿಗಳು ಬಿಟ್ಟುಹೋದವುಗಳ ಪೆಟ್ಟಿಗೆ ಮುಂದಿನ ಕೋಣೆಯ ಮೂಲೆಯಲ್ಲಿರುತ್ತಿತ್ತು. ಮೊದಲ ಯಾತ್ರೆಗೆ ಹಳೆಯ ಕನ್ನಡಕ ಬೇಕೆಂದು ಯಜಮಾನರು ಬಂದಾಗ ತಮ್ಮ ಹಿಂದಿನ ಕೋಣೆಗೆ ಇಣುಕಿ "ಕೊಡಲಾ ಅಕ್ಕಾ?" ಎಂದು ಕೇಳಿದ್ದ. ಚಕ್ರ ನಿಲ್ಲಿಸದೆ ಅವಳು "ಕೊಡು, ಜಾಗ ಖಾಲಿಯಾಗುತ್ತೆ" ಎಂದಿದ್ದಳು. ಯಾರ ಕಣ್ಣಿಗೆ ಎಂದು ಕೇಳಿರಲಿಲ್ಲ. ಪೇಟೆಯ ಗಿರಾಕಿಗಳಿಗೆಲ್ಲ ಬೈದು ಬೈದು ಓದಿಸಿದವಳು ಈ ಹೆಂಗಸಿನ ವಿಷಯದಲ್ಲಿ ಒಂದು ಮಾತೂ ಕೇಳಿರಲಿಲ್ಲ.

"ತಲೆನೋವು ಬರುತ್ತಾ ಅಂತ ಕೇಳು" ಎಂದಳು ಡ್ರೈವರಿಗೆ.

ಔಷಧಿಯಮ್ಮ ನಗುತ್ತಲೇ ಹೇಳಿದಳು. ಡ್ರೈವರ್ ಅದನ್ನು ಇವರ ಮಾತಿಗೆ ತಿರುಗಿಸಿದ. ಮೊದಮೊದಲು ತಲೆನೋವು ಬಹಳ ಇತ್ತು. ಹಾಕುತ್ತ ಹಾಕುತ್ತ ಅಭ್ಯಾಸವಾಗುತ್ತದೆ ಎಂದು ಕೊಟ್ಟವರೇ ಹೇಳಿದ್ದರು. ಅಭ್ಯಾಸವಾಗಲಿಲ್ಲ. ಹಾಕಿದರೂ ಸಣ್ಣ ಅಕ್ಷರ ಕಾಣದು, ತೆಗೆದರೂ ಕಾಣದು. ಕಳೆದ ತಿಂಗಳು ಒಂದು ಮಗುವಿಗೆ ಸಿರಪ್ಪು ಹಾಕುವಾಗ ಅಳತೆಯ ಗೆರೆ ತಪ್ಪಿತು. ಮಗು ಒಂದೂವರೆ ದಿನ ಕಣ್ಣು ಬಿಡಲಿಲ್ಲ. ಬದುಕಿತು. ಆದರೆ ಅದರ ತಾಯಿ ಈಗ ಈ ದಾರಿಯಲ್ಲಿ ನಡೆಯುವುದಿಲ್ಲ.

"ಗಾಜು ಒಳ್ಳೇದೇ, ಪ್ರಾರ್ಥನೆ ಮಾಡಿ ಕೊಟ್ಟದ್ದು. ನನ್ನ ಕಣ್ಣಿಗೇ ಕೃತಜ್ಞತೆ ಇಲ್ಲ ಅಂತಾಳೆ" ಎಂದು ಡ್ರೈವರ್ ಮುಗಿಸಿದ.

ಇಷ್ಟು ವರ್ಷ ಅಕ್ಕನ ಕೋಪಕ್ಕೆ ಎದುರಿಗೆ ಯಾರಾದರೊಬ್ಬರು ಇರುತ್ತಿದ್ದರು. ಈಗ ಅದು ಹೊರಟ ಕಡೆಗೇ ತಿರುಗಿ ಬಂದಿತ್ತು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳು ಎದ್ದು ಮೊಳೆಯಿಂದ ಟೇಪನ್ನು ಎಳೆದುಕೊಂಡಳು.

"ಪೆಟ್ಟಿಗೆ ಹಿತ್ತಲಿಗೆ ತನ್ನಿ. ಬಿಸಿಲಿಗೆ. ಯಜಮಾನ್ರೇ, ನೀವೂ ಬನ್ನಿ. ಮೊಳ ಹಾಕೋದು ಹೇಗೆ ಅಂತ ತೋರಿಸ್ತೀನಿ."

ಯಂತ್ರ ಬರುವ ಮುಂಚೆ ಅಪ್ಪ ಹಾಗೆಯೇ ಅಳೆಯುತ್ತಿದ್ದರು. ಗಾಜನ್ನು ಸೂರ್ಯನಿಗೆ ಹಿಡಿದು ಕೆಳಗೆ ಬಿಳಿ ಕಾಗದ ಇಡಬೇಕು. ಗಾಜನ್ನು ಮೇಲೆ ಕೆಳಗೆ ಆಡಿಸುತ್ತ ಹೋದರೆ ಒಂದು ಎತ್ತರದಲ್ಲಿ ಬಿಸಿಲೆಲ್ಲ ಒಂದೇ ಚುಕ್ಕೆಯಾಗಿ ಕೂಡುತ್ತದೆ. ಕಾಗದದಿಂದ ಗಾಜಿನವರೆಗೆ ಟೇಪು ಹಿಡಿದರೆ ಮುಗಿಯಿತು. ಐವತ್ತು ಸೆಂಟಿಮೀಟರಾದರೆ ಪವರ್ ಎರಡು, ನಲವತ್ತಾದರೆ ಎರಡೂವರೆ, ಮೂವತ್ಮೂರಾದರೆ ಮೂರು. ಚುಕ್ಕೆಯ ಬದಲು ಗೆರೆ ಬಿದ್ದರೆ ಆ ಗಾಜು ಬೇರೆ ಜಾತಿಯದು, ಪಕ್ಕಕ್ಕಿಡಬೇಕು. ಚುಕ್ಕೆಯೇ ಕೂಡದೆ ಬೆಳಕು ಚದುರಿದರೆ ಮೈನಸ್.

ಅಕ್ಕ ಔಷಧಿಯಮ್ಮನ ಕನ್ನಡಕವನ್ನೇ ಮೊದಲು ಹಿಡಿದಳು. ಕಾಗದದ ಮೇಲೆ ಕಪ್ಪು ನೆರಳು ಬಿತ್ತು, ಸುತ್ತ ಚದುರಿದ ಬೆಳಕಿನ ಉಂಗುರ. ಎಷ್ಟು ಆಡಿಸಿದರೂ ಚುಕ್ಕೆ ಕೂಡಲಿಲ್ಲ. ಔಷಧಿಯಮ್ಮ ಅದನ್ನೇ ದಿಟ್ಟಿಸಿ ನೋಡಿದಳು.

ಗಾನವೃಂದದ ಮೇಡಂ ಮೂಗೊರೆಸಿಕೊಂಡು ಬಂದು ಮಂಡಿಯೂರಿದಳು. "ಕಾಗದ ನಾನು ಹಿಡೀತೀನಿ ಅಕ್ಕಾ."

"ಹಿಡಿ. ಅಲ್ಲಾಡಿಸಬೇಡ. ಅಳೋದಾದ್ರೆ ಕಾಗದ ನೆನೆಯದ ಹಾಗೆ ಅಳು."

ಒಂದು ಗುಲಾಬಿ ಹೂ ಬಿಚ್ಚಿದರು: ಗೆರೆ. ಇನ್ನೊಂದು: ಚುಕ್ಕೆಯಿಲ್ಲ. ಐವತ್ತರದ್ದೊಂದು ಸಿಕ್ಕಿತು, ಔಷಧಿಯಮ್ಮನ ಕಣ್ಣಿಗೆ ಸಾಲಲಿಲ್ಲ. ಹನ್ನೊಂದನೆಯದು ಗಂಡಸರ ದಪ್ಪ ಕಂದು ಚೌಕಟ್ಟು, ನೀಲಿ ರಿಬ್ಬನ್ನು, ನೋಡಲು ಅಷ್ಟೇನೂ ಚೆಂದವಿಲ್ಲ. ಬಿಸಿಲಿಗೆ ಹಿಡಿದರೆ ಸೂಜಿಮೊನೆಯಂಥ ಚುಕ್ಕೆ. ನಲವತ್ತು. ಅಕ್ಕ ಅದನ್ನು ಔಷಧಿಯಮ್ಮನ ಮೂಗಿನ ಮೇಲೆ ಕೂರಿಸಿ, ಕಡ್ಡಿ ಬಗ್ಗಿಸಿ, ಕೈಗೊಂದು ಸೀಸೆ ಕೊಟ್ಟಳು.

ಔಷಧಿಯಮ್ಮ ಸೀಸೆಯ ಮೇಲಿನ ಹೆಸರನ್ನು ಓದಿದಳು. ಅದರ ಕೆಳಗಿನ ಸಾಲು, ಅದಕ್ಕೂ ಕೆಳಗಿನ ಇರುವೆಸಾಲಿನಂಥ ಅಕ್ಷರಗಳನ್ನೂ ಓದಿದಳು. ಒಳಗೆ ಹೋಗಿ ಹಲಗೆಯ ಮೇಲಿನ ಸೀಸೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಓದಿದಳು. ಸಿರಪ್ಪಿನ ಅಳತೆಯ ಲೋಟ ಎತ್ತಿ ಗೆರೆಗಳನ್ನು ಉಗುರಿನಿಂದ ಎಣಿಸಿದಳು. ಕೊನೆಗೆ ಯಾರಿಗೆ ಎಷ್ಟು ಔಷಧಿ ಎಂದು ಬರೆದಿಡುವ ದಪ್ಪ ಪುಸ್ತಕ ತೆಗೆದು ಕಳೆದ ತಿಂಗಳ ಪುಟದಲ್ಲಿ ನಿಂತಳು.

ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ನಗುತ್ತಾಳೆಂದು ಒಬ್ಬರು ಕ್ಯಾಮೆರಾ ಎತ್ತಿದರು.

ಅವಳು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಅಪ್ಪಳಿಸಿದಳು. ಮಾತು ಕಟ್ಟೆಯೊಡೆದ ನೀರಿನಂತೆ ನುಗ್ಗಿತು. ಡ್ರೈವರ್ ಕತ್ತು ಕೆರೆದುಕೊಂಡ.

"ಏನಂತಾಳೆ?" ಎಂದಳು ಅಕ್ಕ.

"ಸ್ವಲ್ಪ... ಬೇಜಾರಲ್ಲಿದ್ದಾಳೆ."

"ನನ್ನ ಹತ್ತಿರ ನಾಟಕ ಬೇಡ. ಬೈಗುಳ ಯಾವ ಭಾಷೆಯಲ್ಲಿದ್ರೂ ನನಗೆ ಗೊತ್ತಾಗುತ್ತೆ. ಒಂದಕ್ಷರ ಬಿಡದೆ ಹೇಳು."

ಡ್ರೈವರ್ ಹೇಳಿದ. "ಎರಡು ವರ್ಷ ನನ್ನ ಕಣ್ಣನ್ನೇ ಬೈದುಕೊಂಡೆ ಅಂತಾಳೆ. ಆ ಮಗುವಿನ ತಾಯಿ ಎದುರು ತಲೆ ತಗ್ಗಿಸಿ ನಿಂತೆ. ನೀವು ಹನ್ನೆರಡು ಜನ ಬಂದಿದ್ರಿ. ಹಾಡಿದ್ರಿ, ಅಪ್ಪಿಕೊಂಡ್ರಿ. ಒಬ್ಬರಾದ್ರೂ ಒಂದು ಸಾಲು ಓದಿಸಿ ನೋಡಿದ್ರಾ? ನಗು ಅಂದ್ರಿ, ನಕ್ಕೆ. ನಿಮಗೆ ಬೇಕಾಗಿದ್ದು ನನ್ನ ಹಲ್ಲು, ಕಣ್ಣಲ್ಲ ಅಂತಾಳೆ."

ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯಿತು.

"ಆ ಗಾಜು ಸಾಣೆ ಹಿಡಿದಿದ್ದು ನಾನು" ಎಂದಳು ಅಕ್ಕ. "ನನ್ನ ಅಂಗಡಿದು. ಯಾರಿಗೆ ಅಂತ ಕೇಳದೆ ಕೊಟ್ಟೆ. ಆಮೇಲೆ ಗೋಡೆ ಮೇಲೆ ಇವಳ ಚಿತ್ರ ನೋಡಿ ತಪ್ಪು ಗಾಜು ಅಂತ ಗೊತ್ತಾದ ಮೇಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೇಳು."

"ಇದನ್ನೂ ಹೇಳಲಾ ಅಕ್ಕಾ?" ಡ್ರೈವರಿನ ದನಿ ಇಳಿದಿತ್ತು. "ಬಿಟ್ಟರೂ ನಡೆಯುತ್ತೆ."

"ಹೇಳು ಅಂದೆ."

ಕೇಳಿದ ಔಷಧಿಯಮ್ಮ ಅಕ್ಕನ ಎದುರಿಗೆ ಬಂದು ನಿಂತಳು. ಅಕ್ಕನ ಮೂಗಿನ ಮೇಲಿದ್ದ ಅವಳದೇ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಹಳೆಯ ಗಾಜನ್ನು ಎತ್ತಿ ಅಕ್ಕನ ಮುಖಕ್ಕೆ ಹಾಕಿದಳು. ಒಂದು ಕೈಗೆ ಸಿರಪ್ಪಿನ ಸೀಸೆ, ಇನ್ನೊಂದಕ್ಕೆ ಅಳತೆಯ ಲೋಟ ಕೊಟ್ಟು ಎರಡು ಬೆರಳು ತೋರಿಸಿದಳು. ಎರಡನೆಯ ಗೆರೆಯವರೆಗೆ.

ಅಕ್ಕ ಲೋಟವನ್ನು ಹತ್ತಿರ ತಂದಳು, ದೂರ ಹಿಡಿದಳು. ಗೆರೆ ಕರಗಿ ಗಾಜಿನಲ್ಲಿ ಸೇರಿಹೋಗಿತ್ತು. ಊಹಿಸಿ ಹೊಯ್ದಳು. ನಲವತ್ತನಾಲ್ಕು ವರ್ಷದಲ್ಲಿ ಅವಳ ಕೈ ಊಹೆಯ ಮೇಲೆ ಮಾಡಿದ ಮೊದಲನೆಯ ಕೆಲಸ ಅದು. ಔಷಧಿಯಮ್ಮ ಲೋಟ ತೆಗೆದುಕೊಂಡು, ಹೊಸ ಕನ್ನಡಕದಲ್ಲಿ ನೋಡಿ, ನಾಲ್ಕು ಬೆರಳು ಎತ್ತಿದಳು.

ಆಮೇಲೆ ಯಜಮಾನರ ಕಡೆ ತಿರುಗಿ, ಬಾ ಎಂದು ಕೈಸನ್ನೆ ಮಾಡಿದಳು. ಅವರ ಮೂಗಿಗೂ ಅದೇ ಗಾಜು. ಅವರು ಹೊಯ್ದದ್ದು ಲೋಟದಿಂದ ಚೆಲ್ಲಿ ಅವರ ಬಿಳಿ ಅಂಗಿಯ ತೋಳಿನ ಮೇಲೆ ಇಳಿಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜೇಬಿನಿಂದ ಹದಿನಾಲ್ಕು ಹಳ್ಳಿಯ ಪಟ್ಟಿ ತೆಗೆದು, ಮಡಿಸಿ, ಮತ್ತೆ ಜೇಬಿಗೇ ಹಾಕಿದರು. ಹಿತ್ತಲಿಗೆ ಹೋಗಿ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ರಿಬ್ಬನ್ನು ಬಿಚ್ಚತೊಡಗಿದರು.

ಮೂರು ದಿನ ಬಿಸಿಲಿದ್ದಷ್ಟು ಹೊತ್ತು ಅದೇ ಕೆಲಸ. ಅಕ್ಕ ಗಾಜು ಹಿಡಿದಳು, ಮೇಡಂ ಕಾಗದ ಹಿಡಿದಳು, ಟೇಪು ಹಿಡಿದು ಅಳತೆ ಕೂಗಿದವಳು ಔಷಧಿಯಮ್ಮ. ಸೀಸೆಗೆ ಅಂಟಿಸುವ ಬಿಳಿ ಚೀಟಿಗಳನ್ನೇ ಅವಳು ಕಡ್ಡಿಗಳಿಗೆ ಸುತ್ತಿ ಪವರ್ ಬರೆದಳು. ಯಜಮಾನರು ಒಂದನ್ನು ತಪ್ಪಾದ ರಾಶಿಗೆ ಹಾಕಿದಾಗ ಅವರ ಕೈಮೇಲೆ ಫಟ್ಟನೆ ಹೊಡೆದಳು. ಅದಕ್ಕೆ ಡ್ರೈವರ್ ದುಬಾಷಿಯಾಗಬೇಕಾಗಲಿಲ್ಲ. ಕ್ಷಮಿಸಿದೆ ಎಂದು ಅವಳು ಅಕ್ಕನಿಗೆ ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬೀಗದಕೈ ತೆಗೆದುಕೊಂಡು ಹೋಗಲು ಅಲ್ಲಿನ ಪೇಟೆಯಿಂದ ಒಬ್ಬ ಅಧಿಕಾರಿ ಬಂದ. ಔಷಧಿಯಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿ, ಅವನು ತಂದಿದ್ದ ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಗಟ್ಟಿಯಾಗಿ ಓದಿದಳು. ಓದಿ, ಮಡಿಸಿ, ವಾಪಸು ಕೊಟ್ಟಳು. ಬೀಗದಕೈ ಅವಳ ಸೊಂಟದಲ್ಲೇ ಉಳಿಯಿತು. ಆ ಮಗುವಿನ ತಾಯಿ ಮಾತ್ರ ಆ ದಿನವೂ ಬರಲಿಲ್ಲ.

ಹದಿನಾಲ್ಕು ಹಳ್ಳಿಯ ಯಾತ್ರೆ ಮೂರು ಹಳ್ಳಿಯಾಯಿತು. ಗೋಡೆಯ ಬಾಚಣಿಗೆ ತೋರಿಸಿ, ಗದರಿಸಿ, ಓದಿಸಿ, ಇನ್ನೂರ ಹನ್ನೊಂದು ಕನ್ನಡಕ ಕೊಟ್ಟರು. ಮೆಟ್ಟಿಲಿನಿಂದ ಬಿದ್ದ ಮುದುಕನಿಗೂ ಒಂದು ಹೊಂದಿತು. ಉಳಿದವುಗಳನ್ನು ಪೆಟ್ಟಿಗೆಯ ಸಮೇತ ಔಷಧಿಯಮ್ಮ ಇರಿಸಿಕೊಂಡಳು; ಟೇಪು ಹೇಗೂ ಅವಳ ಬಳಿಯೇ ಇತ್ತು.

ಊರಿಗೆ ಮರಳಿದ ಭಾನುವಾರ ಅಕ್ಕ ಸಭಾಂಗಣದಲ್ಲಿ ಕುರ್ಚಿ ಹತ್ತಿ ಚಿತ್ರವನ್ನು ಕೆಳಗಿಳಿಸಿದಳು. ಕುರ್ಚಿ ಹಿಡಿದುಕೊಂಡು ನಿಂತವರು ಯಜಮಾನರೇ. ಹರಿದು ಹಾಕುತ್ತಾಳೆಂದು ಎಲ್ಲರೂ ಎಣಿಸಿದರು. ಅವಳು ಅದನ್ನು ಸುರುಳಿ ಸುತ್ತಿ ಅಂಗಡಿಗೆ ಒಯ್ದು, ಹಿಂದಿನ ಕೋಣೆಯಲ್ಲಿ, ಸಾಣೆಯ ಚಕ್ರದ ಎದುರಿಗೆ, ತಲೆಯೆತ್ತಿದರೆ ಕಾಣುವಂತೆ ಮೊಳೆ ಹೊಡೆದು ತೂಗುಹಾಕಿದಳು.

"ಇದನ್ನ ಯಾಕೆ ಇಲ್ಲಿ ಹಾಕ್ತೀಯಾ? ನೋಡಿದಾಗೆಲ್ಲಾ ನಿನಗೆ ಕೋಪ ಬರುತ್ತೆ" ಎಂದ ತಮ್ಮ.

"ಬರಲಿ ಅಂತಾನೇ ಹಾಕಿರೋದು" ಎಂದಳು ಅಕ್ಕ. "ಮುಂದಿನ ಕೋಣೆ ಮೂಲೆಯಲ್ಲಿ ಬಿಟ್ಟುಹೋದವುಗಳ ಪೆಟ್ಟಿಗೆ ಇದೆಯಲ್ಲ, ಅದನ್ನ ಇಲ್ಲಿ ತಗೊಂಡು ಬಾ. ಇನ್ಮೇಲೆ ಯಾರ ಕಣ್ಣಿಗೆ ಅಂತ ಕೇಳದೆ ಒಂದೂ ಹೊರಗೆ ಹೋಗಲ್ಲ."

ಚಕ್ರ ತಿರುಗತೊಡಗಿತು.